ಕುಟ್ಟಾಣಿ ಯಾರ ಕೈಗೆ

ಒಂದು ಕುಟ್ಟಾಣಿ ಕೊಳ್ಳುವುದರಲ್ಲಿ ಇಷ್ಟು ರಗಳೆ ಇದೆಯೆಂದು ಯಾರಾದರೂ ಮೊದಲೇ ಹೇಳಿದ್ದರೆ ಮೆಣಸನ್ನು ಇಡಿಯಾಗಿಯೇ ನುಂಗಿಕೊಂಡು ಇದ್ದುಬಿಡುತ್ತಿದ್ದೆ. ನಾನು ದರ್ಜಿ. ಅಂಗಡಿಯಲ್ಲಿ ಕತ್ತರಿಸಿಟ್ಟ ಬಟ್ಟೆ ರಾಶಿ ಬಿದ್ದಿತ್ತು, ಗಿರಾಕಿಗಳು ಬಾಗಿಲಲ್ಲಿ ನಿಂತು ಬೈದುಕೊಂಡು ಹೋಗುತ್ತಿದ್ದರು. ನಾನು ಮಾತ್ರ ಹೆಂಡತಿಯ ಹಿಂದೆ ಖಾಲಿ ಚೀಲ ಹಿಡಿದುಕೊಂಡು ಒಂದೇ ಬೀದಿಯನ್ನು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ.

ಹಳೆಯದು ಒಡೆದದ್ದು ಹೀಗೆ. ಕೆಲವು ತಿಂಗಳ ಹಿಂದೆ ಇವಳ ಬಲಗೈಗೆ ಲಕ್ವ ಹೊಡೆಯಿತು. ಕಾಲಿಗೆ ಏನೂ ಆಗಲಿಲ್ಲ, ಪುಣ್ಯ. ನಾಲಿಗೆಗಂತೂ ಏನೇನೂ ಆಗಲಿಲ್ಲ. ಕೈಯ ಹಿಡಿತ ಮಾತ್ರ ಹೋಯಿತು. ಲೋಟ ಕೊಟ್ಟರೂ ಜಾರುತ್ತದೆ. "ಬಂದ್ರೆ ಬರಬಹುದು, ಚೆಂಡು ಹಿಸುಕ್ತಾ ಇರಿ" ಅಂದರು ಡಾಕ್ಟರು. ಇವಳು ಚೆಂಡನ್ನು ಮೂಲೆಗೆಸೆದು, ನಾನು ಅಂಗಡಿಗೆ ಹೋದ ಹೊತ್ತು ನೋಡಿಕೊಂಡು ಮೆಣಸು ಕುಟ್ಟಲು ಕೂತಳು. ಗುಂಡು ಕೈಜಾರಿ ಕುಟ್ಟಾಣಿಯ ಅಂಚಿಗೆ ಬಿತ್ತು, ಕಲ್ಲು ಎರಡು ಹೋಳಾಯಿತು. ನಾನು ಬಂದು ನೋಡಿದರೆ ನೆಲದ ತುಂಬ ಮೆಣಸು, ನಡುವೆ ಇವಳು.

"ಕಲ್ಲೇ ಸರಿ ಇರ್ಲಿಲ್ಲ" ಅಂದಳು.

ಮದುವೆಯಾದಾಗಿನಿಂದ ಸರಿಯಿದ್ದ ಕಲ್ಲು!

ಮಿಕ್ಸಿ ಇಲ್ಲವೇ ಎಂದು ಕೇಳಬೇಡಿ. ಇದೆ. ಮಿಕ್ಸಿಯಲ್ಲಿ ಪುಡಿ ಬಿಸಿಯಾಗಿ ಘಮ ಸತ್ತುಹೋಗುತ್ತದೆ ಎಂಬುದು ಇವಳ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ನಾನೇ ಸೋತು, "ಆಯ್ತು ಮಾರಾಯ್ತಿ, ಚಿಕ್ಕದೊಂದು ಕುಟ್ಟಾಣಿ ತರೋಣ, ನಾನೇ ಕುಟ್ತೀನಿ" ಅಂದೆ. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಅಮೃತಶಿಲೆಯದು ತೋರಿಸಿದೆ. ನುಣುಪು ಜಾಸ್ತಿ, ಮೆಣಸು ಪುಟಿದು ಹೊರಗೆ ಹಾರುತ್ತೆ ಅಂದಳು. ಹಿತ್ತಾಳೆಯದಕ್ಕೆ, ಬೀದಿಗೆಲ್ಲ ಗಂಟೆ ಹೊಡೀಬೇಕಾ ಎಂದು ಕೇಳಿದಳು. ಮರದ್ದನ್ನು ಮೂಸಿ ನೋಡಿ, ಒಂದು ಸಲ ಇದರಲ್ಲಿ ಬೆಳ್ಳುಳ್ಳಿ ಜಜ್ಜಿದರೆ ಆಮೇಲೆ ಏಲಕ್ಕಿಯೂ ಬೆಳ್ಳುಳ್ಳಿಯೇ ಎಂದು ಕೆಳಗಿಟ್ಟಳು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಅದೇ ನನಗೆ ಇನ್ನೂ ಉರಿ. ಅಂಗೈಯಗಲದ ಕಪ್ಪುಕಲ್ಲಿನದೊಂದು ಸಿಕ್ಕಿತು. ನನಗೆ ಹೇಳಿ ಮಾಡಿಸಿದ ಹಾಗಿತ್ತು. "ಇದು ಮಕ್ಕಳ ಆಟದ ಸಾಮಾನು" ಎಂದು ಮುಂದೆ ನಡೆದಳು. ಅಳೆದು ಸುರಿದು ಬರಿಗೈಲಿ ಮನೆಗೆ ಬರುವುದೇ ನಮ್ಮ ಕೆಲಸವಾಯಿತು.

ಉಳಿದದ್ದು ಬೀದಿಯ ಕೊನೆಯ ಕಲ್ಲಿನಂಗಡಿ. ಅಂಗಡಿಯವನು ಬಾಗಿಲು ಹಾಕುವ ಅವಸರದಲ್ಲಿದ್ದ. ಇವಳಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಎಡಗೈ ಬೆರಳು ಒದ್ದೆ ಮಾಡಿಕೊಂಡು ಒಂದೊಂದರ ಒಳಗೂ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು, "ಪುಡಿ ಉದುರುತ್ತೆ" ಎಂದು ತಳ್ಳುತ್ತ ಹೋದಳು. ಕೊನೆಗೆ ಮೂಲೆಯ ಒಂದು ದೊಡ್ಡ ಕುಟ್ಟಾಣಿಯ ಮುಂದೆ ನಿಂತಳು. ಆಳವಾದದ್ದು, ಒಳಗೆ ಸಣ್ಣಗೆ ಉಳಿಯೇಟು ಬಿದ್ದದ್ದು. ಬೆರಳಿಗೆ ಏನೂ ಹತ್ತಲಿಲ್ಲ.

"ಇದು ನೋಡಿ ಕಲ್ಲು ಅಂದ್ರೆ."

ಅದರ ಗುಂಡು ಎತ್ತಿ ನೋಡಿದೆ. ಭುಜ ಕಿವಿಗೆ ಬಂತು. "ಇದಕ್ಕೆ ಪೈಲ್ವಾನ್ ಬೇಕು ಕಣೇ!" ಅಂದೆ.

ಅಂಗಡಿಯವನಿಗೂ ಸಾಕಾಗಿತ್ತು. "ಅಮ್ಮಾ, ಅದೆಲ್ಲ ಆಮೇಲೆ. ಮೊದ್ಲು ಇದನ್ನ ಹೇಳಿ, ಕುಟ್ಟೋರು ಯಾರು?"

"ನಾನು" ಎಂದೆವು ಇಬ್ಬರೂ ಒಟ್ಟಿಗೆ.

ಅವನು ನನ್ನನ್ನೂ ನೋಡಿದ, ಇವಳನ್ನೂ ನೋಡಿದ. "ಯಾರಾದ್ರೂ ಒಬ್ರು ಹೇಳಿ. ಗುಂಡು ಕೈ ನೋಡಿ ಕೊಡ್ಬೇಕು" ಎಂದು ದೊಡ್ಡದರ ಗುಂಡನ್ನೇ ಇವಳತ್ತ ಚಾಚಿದ. ಇವಳು ಬಲಗೈ ಕೊಟ್ಟಳು. ಎಡಗೈ ಇತ್ತಲ್ಲ, ಹಟ ಹಿಡಿದು ಬಲಗೈಯೇ ಕೊಟ್ಟಳು. ಬೆರಳು ಮಡಚಲಿಲ್ಲ. ಗುಂಡು ಜಾರಿತು, ಅಂಗಡಿಯವನು ಹಾರಿ ಹಿಡಿಯದಿದ್ದರೆ ಇವಳ ಕಾಲೇ ಹೋಗುತ್ತಿತ್ತು.

"ಗುಂಡನ್ನ ಯಾಕ್ರೀ ಇಷ್ಟು ನುಣ್ಣಗೆ ಉಜ್ಜಿದೀರಿ? ಜಾರುತ್ತೆ ಇದು" ಎಂದು ಅವನಿಗೇ ಬೈದಳು.

ನನಗೆ ತಲೆ ಕೆಟ್ಟುಹೋಯಿತು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಕೈಯಲ್ಲಿ ಒಂದು ಲೋಟ ನಿಲ್ಲಲ್ಲ, ಗುಂಡಿಗೆ ಬೈತಾಳೆ!"

ಎಲುಬಿಲ್ಲದ ನಾಲಿಗೆ, ಆಡಿಬಿಟ್ಟಿತು. ಬೇರೆ ದಿನವಾಗಿದ್ದರೆ ನನ್ನ ಒಂದು ಮಾತಿಗೆ ಇವಳು ನಾಲ್ಕು ತಿರುಗಿ ಕೊಡುತ್ತಿದ್ದಳು. ಅವತ್ತು ಎಡಗೈಯಿಂದ ಬಲಗೈಯನ್ನು ಎತ್ತಿ ಶಾಲಿನೊಳಗೆ ಸೇರಿಸಿಕೊಂಡಳು.

"ಇವರ ಕೈಗೆ ಆಗೋದು ಕೊಡಿ. ಇನ್ಮೇಲೆ ಇವರೇ ಕುಟ್ಟೋದು."

ಇಷ್ಟು ದಿನ ನಾನು ಬಾಯಿಬಿಟ್ಟುಕೊಂಡು ಕಾದಿದ್ದು ಇದೇ ಮಾತಿಗೆ. ಕೇಳಿದ ಮೇಲಷ್ಟೇ ತಿಳಿಯಿತು. ಇವಳು ಅಷ್ಟೂ ಅಂಗಡಿಗಳಲ್ಲಿ ಹುಡುಕಿದ್ದು ತನ್ನ ಕೈಗೆ, ನಾಳೆ ಸರಿಹೋಗುವ ಕೈಗೆ. ನಾನು ಚಿಕ್ಕದೊಂದನ್ನು ಎತ್ತಿ ತೋರಿಸಿದಾಗಲೆಲ್ಲ, ನಿನ್ನ ಕೈ ಇನ್ನು ಬರುವುದಿಲ್ಲ ಎಂದು ಹೇಳಿದ ಹಾಗಾಗಿತ್ತು. ಬೆಳೆಯುವ ಮಕ್ಕಳ ಅಂಗಿಗೆ ಯಾರೂ ಕೇಳದಿದ್ದರೂ ಹೊಲಿಗೆಯೊಳಗೆ ಬಟ್ಟೆ ಬಿಡುತ್ತೇನೆ, ಮುಂದೆ ಬಿಚ್ಚಿ ಹಿಗ್ಗಿಸಲಿ ಎಂದು. ಊರಿಗೆಲ್ಲ ಬಿಡುವ ನನಗೆ ಮನೆಯವಳಿಗೆ ಬಿಡಲು ತೋಚಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಂಗಡಿಯವನು ಒಳಗಿನಿಂದ ಚಿಕ್ಕದೊಂದು ತಂದ. "ತಗೊಳ್ಳಿ ಯಜಮಾನ್ರೇ, ನಿಮ್ಮ ಕೈಗೆ ಸರಿಯಾಗಿದೆ." ನಿಜವಾಗಿಯೂ ಸರಿಯಾಗಿತ್ತು, ಹಾಳಾದ್ದು.

"ಬೇಡ. ಆ ದೊಡ್ಡದು ಕಟ್ಟಿ" ಅಂದೆ.

"ಎತ್ತೋಕೆ ಪೈಲ್ವಾನ್ ಬೇಕು ಅಂದ್ರಲ್ಲ?"

"ಅಂದೆ. ಈಗ ಕಟ್ಟಿ ಅಂತಿದೀನಿ."

"ರೀ, ನಿಮಗೇನು ಹುಚ್ಚಾ? ಯಾರು ಕುಟ್ತಾರೆ ಅದನ್ನ?" ಇವಳ ದನಿ ವಾಪಸು ಬಂತು.

"ನಿನ್ನ ಕೈ ಸರಿಹೋಗೋವರೆಗೂ ನಾನು. ಆಮೇಲೆ ನೀನು. ನನಗೇನು ಬೇರೆ ಕೆಲ್ಸ ಇಲ್ವಾ?"

ಇವಳು ಮೆಲ್ಲಗೆ, "ಸರಿಹೋಗ್ದೇ ಇದ್ರೆ?" ಅಂದಳು. ಆ ಪ್ರಶ್ನೆ ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ಹೋಗ್ದೇ ಇದ್ರೆ ನನ್ನ ಭುಜ ಹೋಗುತ್ತೆ, ಇನ್ನೇನು? ನಡಿ" ಅಂದೆ.

ಹೊತ್ತು ತರುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಪ್ರತಿ ಮೆಟ್ಟಿಲಿಗೂ ಇವಳ ಅಪ್ಪಣೆ: ತಳಕ್ಕೆ ಕೈ ಕೊಡಿ, ಗೋಡೆಗೆ ತಾಗಿಸಬೇಡಿ. ಮನೆಯಲ್ಲಾದರೂ ನನ್ನನ್ನು ಕೂರಲು ಬಿಟ್ಟಳೇ? ಹೊಸ ಕಲ್ಲಿನ ಪುಡಿ ಹೋಗಲು ಮೊದಲು ಅಕ್ಕಿ ಕುಟ್ಟಬೇಕಂತೆ. ಹಿಡಿ ಅಕ್ಕಿ ಹಾಕಿದಳು. ಕುಟ್ಟಿದೆ, ಹಿಟ್ಟು ಬೂದಿಬಣ್ಣಕ್ಕೆ ಬಂತು. ಚೆಲ್ಲಿ ಇನ್ನೊಂದು ಹಿಡಿ ಹಾಕಿದಳು.

"ಹಾಗೆ ಹೊಡೀತೀರಲ್ಲ, ಅದೇನು ಹಾವಾ? ತಿರುಗಿಸಿ."

ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದರೆ ಆಗುತ್ತದೆಯೇ? ತಿರುಗಿಸಿದೆ. ಬೆವರು ಮೂಗಿನ ತುದಿಗೆ ಬಂತು. ಇವಳು ಹತ್ತಿರ ಸರಿದು ಕೂತಳು. ಎಡಗೈಯಿಂದ ಬಲಗೈಯನ್ನು ಎತ್ತಿ, ಗುಂಡು ಹಿಡಿದಿದ್ದ ನನ್ನ ಮುಷ್ಟಿಯ ಮೇಲೆ ತಂದಿಟ್ಟಳು. ಅದರಲ್ಲಿ ಹಿಡಿತವಿರಲಿಲ್ಲ, ಬರೀ ಭಾರವಿತ್ತು.

"ಮೊದ್ಲೇ ಸಾಯ್ತಿದೀನಿ, ಇದೊಂದು ಭಾರ ಬೇರೆ! ತೆಗಿಯೇ ಕೈನ" ಅಂದೆ.

"ಸುಮ್ನೆ ಕುಟ್ಟಿ. ಡಾಕ್ಟ್ರು ವ್ಯಾಯಾಮ ಮಾಡಿ ಅಂದಿದಾರೆ" ಅಂದಳು.

ಆ ಕೈ ಜಾರದ ಹಾಗೆ ನಿಧಾನವಾಗಿ, ಬೈದುಕೊಳ್ಳುತ್ತಲೇ ಕುಟ್ಟಿದೆ.