ಮೂರು ಗಂಟೆ ಹತ್ತು ನಿಮಿಷ

ನಮ್ಮ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಯವರಿಗೆಲ್ಲ ಒಂದು ಹಸಿರು ಡೈರಿ ಕೊಟ್ಟಿದ್ದರು. ತರಗತಿಯ ಪಾಠ ಬಿಟ್ಟು ದಿನಕ್ಕೆ ಎಷ್ಟು ಹೊತ್ತು ಓದಿದೆವೆಂದು ಬರೆದು, ಅಪ್ಪನ ಸಹಿ ಹಾಕಿಸಿ, ಸೋಮವಾರ ಒಪ್ಪಿಸಬೇಕು. ಎಂಟು ಗಂಟೆಗಿಂತ ಕಡಿಮೆಯಾದರೆ ಎ ಸೆಕ್ಷನ್‌ನಿಂದ ಸಿ ಸೆಕ್ಷನ್‌ಗೆ. ಭೌತಶಾಸ್ತ್ರದ ಜಲಜಾ ಮೇಡಂ ಸಿ ಸೆಕ್ಷನ್‌ಗೆ ಬರುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅವರ ಪಾಠ.

ಭಾನುವಾರ ಸಂಜೆ ಎಲ್ಲರೂ ಏಳು ದಿನದ ಎಂಟೆಂಟನ್ನೂ ಒಟ್ಟಿಗೇ ತುಂಬುತ್ತಿದ್ದರು. ಅನುಮಾನ ಬಾರದಿರಲೆಂದು ಎರಡು ಪೆನ್ನು. ಜೂನ್ ಇಡೀ ನಾನೂ ಹಾಗೇ ಮಾಡಿದೆ. ಕಿರುಪರೀಕ್ಷೆಯಲ್ಲಿ ಮೂವತ್ತಕ್ಕೆ ಹನ್ನೊಂದು ಬಂತು.

ಆಮೇಲೆ ಅಳೆಯಲು ಶುರುಮಾಡಿದೆ. ಫೋನನ್ನು ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಹಾಕಿ, ಅಪ್ಪನ ಹಳೆಯ ಕೈಗಡಿಯಾರ ಮುಂದಿಟ್ಟುಕೊಂಡೆ. ನೀರಿಗೆ ಎದ್ದರೆ ಅಷ್ಟು ನಿಮಿಷ ಕಳೆಯುವುದು, ಗೋಡೆ ನೋಡಿದರೆ ಕಳೆಯುವುದು. ಮೊದಲ ಭಾನುವಾರ ಮೇಜಿನ ಮುಂದೆ ಆರು ಗಂಟೆ ಕೂತಿದ್ದೆ. ಓದಿದ್ದು ಒಂದು ಗಂಟೆ ನಲವತ್ತು ನಿಮಿಷ. ಬಳಿಕ ನಲವತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯತೊಡಗಿದೆ. ಮರುದಿನ ಮೆಟ್ರೊದಲ್ಲಿ ಅದನ್ನೇ ಮತ್ತೆ ನೆನೆಸುವುದು. ಆಗಸ್ಟ್ ಹೊತ್ತಿಗೆ ಮೂರು ಗಂಟೆ ಹತ್ತು ನಿಮಿಷಕ್ಕೆ ಬಂದೆ. ಅದಕ್ಕಿಂತ ಹೆಚ್ಚು ಓದಿದ್ದು ಬೆಳಿಗ್ಗೆ ತಲೆಯಲ್ಲಿ ಉಳಿಯುತ್ತಿರಲಿಲ್ಲ. ಅಲ್ಲಿಯವರೆಗೂ ಎಂಟೇ ತುಂಬುತ್ತಿದ್ದ ಡೈರಿಯಲ್ಲಿ ಮೊದಲ ಸಲ ಅಷ್ಟೇ ಬರೆದು, ಸಹಿ ಹಾಕಿಸದೆ ಒಪ್ಪಿಸಿದೆ.

ಸೆಕ್ಷನ್ ನೋಡಿಕೊಳ್ಳುವ ಶ್ಯಾಮಸುಂದರ ಸರ್ ಕರೆಸಿದರು.

"ಏನಮ್ಮ ಕವನಾ ಇದು? ಮೂರು ಗಂಟೆ. ಹತ್ತು ನಿಮಿಷ ಬೇರೆ! ನಿಮ್ಮ ಬೀದಿ ಯಶ್ವಂತ್ ನೋಡು, ಎಂಟೂವರೆ."

"ಕಾಲೇಜಲ್ಲೇ ಒಂಬತ್ತು ಗಂಟೆ ಹೋಗುತ್ತೆ ಸಾರ್. ಕೆಂಗೇರಿಯಿಂದ ಬಂದು ಹೋಗೋಕೆ ಎರಡು. ಎಂಟೂವರೆ ಸೇರಿಸಿದ್ರೆ ಹತ್ತೊಂಬತ್ತೂವರೆ. ಉಳಿದ ನಾಲ್ಕೂವರೇಲಿ ಅವನು ನಿದ್ದೆ, ಸ್ನಾನ, ಊಟ ಎಲ್ಲ ಮುಗಿಸ್ತಾನಾ?"

"ನಂಗೇ ಲೆಕ್ಕ ಹೇಳ್ಕೊಡ್ತೀಯಾ? ನಾಳೆ ಅಪ್ಪನ್ನ ಕರ್ಕೊಂಡ್ ಬಾ."

ಅಪ್ಪ ಮರಿಯಪ್ಪನಿಗೆ ಸಿಮೆಂಟಿನ ಅಂಗಡಿ. ಅಲ್ಲಿ ಗಂಟಲು ದೊಡ್ಡದು. ಮೇಷ್ಟ್ರ ಮುಂದೆ ಕುರ್ಚಿಯಲ್ಲೂ ಕೂರಲಿಲ್ಲ.

"ಎಂಟು ಅಂತ ತಿದ್ದಿ ಸೈನ್ ಹಾಕ್ಕೊಡಿ, ಮುಗೀತು," ಎಂದರು ಸರ್.

"ತಿದ್ದಿಬಿಡು ಕಣಮ್ಮ," ಎಂದ ಅಪ್ಪ, ಮೆಲ್ಲಗೆ. "ಜಲಜಾ ಮೇಡಂ ಪಾಠ ತಪ್ಪುತ್ತಲ್ಲ?"

"ತಪ್ಪಲಿ. ನಾನು ತಿದ್ದಲ್ಲ."

ಅಪ್ಪ ಡೈರಿಯ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಜೂನ್‌ವರೆಗೂ ಹೋದ. ಸಾಲಾಗಿ ಎಂಟು, ಪಕ್ಕದಲ್ಲಿ ಅವನದೇ ಸಹಿ.

"ಸಾರ್, ಇವಕ್ಕೆಲ್ಲ ನೋಡ್ದೇನೇ ಸೈನ್ ಹಾಕಿದ್ದೆ. ಒಂದೂ ನಿಜ ಅಲ್ವಂತೆ, ನಿನ್ನೆ ರಾತ್ರಿ ಇವಳೇ ಹೇಳಿದ್ಲು." ಪ್ರತಿ ಸಹಿಯ ಮೇಲೂ ಗೀಟು ಎಳೆದ. ಹೊಸ ಪುಟಕ್ಕೆ ಬಂದು ಮೂರು ಗಂಟೆ ಹತ್ತು ನಿಮಿಷದ ಪಕ್ಕ ಒತ್ತಿ ಸಹಿ ಹಾಕಿದ. "ಇದು ನೋಡಿ ಹಾಕಿದ್ದು. ಎಲ್ಲಿಗ್ ಹಾಕ್ತೀರೋ ಹಾಕಿ."

ಸಿ ಸೆಕ್ಷನ್‌ಗೇ ಹಾಕಿದರು.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆ.

"ನೀನೀಗ ನನ್ನ ಕ್ಲಾಸಲ್ಲ ಅಲ್ವೇನೇ?" ಎಂದರು ಜಲಜಾ ಮೇಡಂ.

"ಅಲ್ಲ ಮೇಡಂ. ಆದ್ರೆ ನಿನ್ನೆ ಓದಿದ್ರಲ್ಲಿ ಎರಡು ವಿಷಯ ಬೆಳಿಗ್ಗೆ ನೆನಪಿರಲಿಲ್ಲ." ಚೀಟಿ ಚಾಚಿದೆ.

ಅವರು ಚೀಟಿ ನೋಡಿದರು, ಗಡಿಯಾರ ನೋಡಿದರು, ಊಟದ ಡಬ್ಬಿಯ ಮುಚ್ಚಳ ಹಾಕಿದರು. "ಹತ್ತು ನಿಮಿಷ ಇದೆ. ಬಾ, ಕೂತ್ಕೋ."

ಆ ದಿನದ ಡೈರಿಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಎಂದು ಬರೆದೆ.