ಮೇಲಿನ ಶಾಲೆ, ಕೆಳಗಿನ ಶಾಲೆ

ಮಗಳ ಬೆರಳು ಅಂಗೈಯಲ್ಲಿ ಬೆಚ್ಚಗಿದೆ, ಬೆವರಿಲ್ಲ, ಬೆಳಿಗ್ಗೆ ಮೇಲಿನ ಶಾಲೆಯ ಮೆಟ್ಟಿಲಿಳಿಯುವಾಗ ಎಷ್ಟು ಒದ್ದೆಯಾಗಿತ್ತು — ಇಸ್ತ್ರಿ ಅಂಗಡಿಗೆ ಅರ್ಧ ದಿನ ರಜೆ ಹೇಳಿ, ಮಗಳ ಎರಡು ಜಡೆ ಬಿಗಿದು ಹೊರಟಿದ್ದಳು ಅವಳು, ಎರಡೂ ಸರ್ಕಾರಿ ಶಾಲೆಗಳೇ, ನಾಲ್ಕು ಗಂಟೆಯೊಳಗೆ ಅರ್ಜಿಯಲ್ಲಿ ಒಂದರ ಹೆಸರು ಬರೆದು ಕಚೇರಿಗೆ ಕೊಡಬೇಕು, ಇದರಲ್ಲಿ ಯೋಚ್ನೆ ಮಾಡೋಕೇನಿದೆ, ಕಣ್ಮುಚ್ಕೊಂಡು ಮೇಲಿನದಕ್ಕೆ ಹಾಕು ಅಂದಿದ್ದಳು ಗಂಡನ ಅಕ್ಕ. ಹೌದು ಮತ್ತೆ, ಹೊಸ ಬಣ್ಣ, ನಲ್ಲಿ ತಿರುಗಿಸಿದರೆ ನೀರು, ತರಗತಿಗೊಬ್ಬರು ಟೀಚರು, ಅವಳ ಮನಸ್ಸು ಅಲ್ಲೇ ಚಾಪೆ ಹಾಸಿ ಕೂತಿತ್ತು, ಅಮ್ಮ ಏನ್ ಕೆಲ್ಸ ಮಾಡ್ತಾರೆ ಪುಟ್ಟಿ, ಹೆಡ್ ಟೀಚರ್ ಕೇಳಿದರು, ಬ ಬ ಬ, ಬಟ್ಟೆ ಒಗೀತಾರಾ, ಸರಿ ಸರಿ, ಮಗು ಉಳಿದದ್ದನ್ನು ನುಂಗಿಕೊಂಡಿತು, ಹೆಡ್ ಟೀಚರ್ ಕೆಟ್ಟವರಲ್ಲ, ಪ್ರೀತಿಯಿಂದಲೇ ಅಂದರು, ಮಾತು ತಡೆಯುತ್ತೆ ಅಲ್ವಾ, ಚಿಂತೆ ಬೇಡ, ಹಿಂದಿನ ಬೆಂಚಲ್ಲಿ ಕೂರಿಸ್ತೀವಿ, ಅವಳನ್ನ ಯಾರೂ ಏನೂ ಕೇಳಲ್ಲ — ಏನೂ ಕೇಳಲ್ಲ, ಐದನೇ ತರಗತಿ ಮುಗಿಯೋವರೆಗೂ, ಐದು ವರ್ಷ.

ಕೆಳಗಿನ ಶಾಲೆ ಗೋದಾಮಿನ ಪಕ್ಕ, ತಗಡಿನ ಮಾಡು, ನೀರಿಗೊಂದು ಡ್ರಮ್ಮು, ಮೂರು ತರಗತಿಗೆ ಒಬ್ಬರೇ ಮೇಷ್ಟ್ರು, ಅವಳು ಹಿಂದಿರುಗಬೇಕೆನ್ನುವಷ್ಟರಲ್ಲಿ ಅವರೇ ಬಾಗಿಲಿಗೆ ಬಂದರು, ನೋಡೋಕೆ ಬಂದ್ರಾ, ಬನ್ನಿ, ಏನಮ್ಮ ಜಾಣೆ, ನಮ್ ಶಾಲೇಲಿ ಏನೇನು ಸರಿಯಿಲ್ಲ ಹೇಳು ನೋಡೋಣ. ಕ ಕ ಕ, ತಾಯಿ ಎಂದಿನಂತೆ ಬಾಯಿ ತೆರೆದಳು, ಕಾದ ಇಸ್ತ್ರಿಪೆಟ್ಟಿಗೆ ಹಿಡಿದವಳಿಗೆ ಕಾಯಲು ಎಲ್ಲಿ ಪುರುಸೊತ್ತು, ಇಷ್ಟು ದಿನ ಮಗಳ ಮಾತನ್ನೆಲ್ಲ ತಾನೇ ಆಡಿ ಮುಗಿಸಿದ್ದಳಲ್ಲ — ಮೇಷ್ಟ್ರು ಅವಳತ್ತ ನೋಡಿ ಮೆಲ್ಲಗೆ ತಲೆಯಾಡಿಸಿದರು, ಬೇಡ, ಮೂರು ತರಗತಿಯ ಮಕ್ಕಳೂ ಸುಮ್ಮನೆ ಕಾದವು, ಒಂದೂ ಕಿಸಕ್ಕೆನ್ನಲಿಲ್ಲ, ಕ ಕಿಟಕಿ ಮುರಿದಿದೆ. ಅಯ್ಯೋ ಹೌದಲ್ಲ, ಎರಡು ವರ್ಷದಿಂದ ಹಾಗೇ ಇದೆ ಕಣಮ್ಮ, ಮತ್ತೆ, ಬ ಬಾಗ್ಲೂ, ಮೇಷ್ಟ್ರು ನಕ್ಕರು, ಮಕ್ಕಳು ನಕ್ಕವು, ಮಗಳೂ ನಕ್ಕಳು, ಹೊರಗಿನವರೆದುರು ಇವಳು ನಕ್ಕಿದ್ದು ಯಾವಾಗ.

ಮೇಲಿನದರಲ್ಲಿ ಜಾಗ ಇದೆಯಲ್ಲಮ್ಮ ಅಂದ ಕಚೇರಿಯ ಗುಮಾಸ್ತ, ಇರ್ಲಿ ಬಿಡಿ ಅಂದಳು, ಮುದ್ರೆ ಬಿತ್ತು, ಎದೆಯ ಭಾರ ಇಳಿದು ಕಾಲು ಹಗುರಾಗಿದೆ, ಗಂಡನ ಅಕ್ಕ ಕೂಗಾಡಲಿ, ನೀರಿನ ಬಾಟಲಿ ಮನೆಯಿಂದ ಕೊಟ್ಟರಾಯಿತು, ಮಳೆ ಬಂದರೆ ತಗಡು ಸದ್ದು ಮಾಡುತ್ತೆ, ಮಾಡಲಿ, ಅಮ್ಮಾ ನಾ ನಾ, ಅವಳು ರಸ್ತೆಯಂಚಿಗೆ ಸರಿದು ಕುಕ್ಕರುಗಾಲಲ್ಲಿ ಕೂತಳು, ಮಗು ನಾಳೆ ಎನ್ನುತ್ತದೋ, ನಾನು ಎನ್ನುತ್ತದೋ, ತುಟಿ ಬಿಗಿಹಿಡಿದಳು, ಲಾರಿ ಹೋಯಿತು, ಧೂಳು ಇಳಿಯಿತು, ಮಗಳ ಮುಂದಿನ ಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆಯ ಕೆಂಪು ತುದಿ, ಬರಲಿ, ಅವಸರವಿಲ್ಲ, ಆ ಕೆಂಪು ತುದಿ, ನಾ, ಆ ಕೆಂಪು ತುದಿ —