ಸೇತುವೆ ಬಂದ ಮೇಲೆ

ನದಿಗೆ ಸೇತುವೆಯಾದಾಗ ಊರಿಗೆ ಊರೇ ಕುಣಿಯಿತು. ನನಗೆ ಮಾತ್ರ ತಲೆಬುಡ ತಿಳಿಯದಂತಾಯಿತು. ಎತ್ತರದ ಎರಡು ಕಂಬಗಳಿಂದ ಬಿಗಿದ ಬಿಳಿ ಕೇಬಲ್‌ಗಳು ಹೆದ್ದಾರಿಯನ್ನೇ ಎತ್ತಿ ಹಿಡಿದಿವೆ. ನಮ್ಮ ಯಜಮಾನರು ಸಂಜೆಯಾದರೆ ಅಲ್ಲಿಗೆ ಹೋಗಿ, ಭಾರವೆಲ್ಲ ಕೇಬಲ್ ಮೇಲೆ ಹೇಗೆ ನಿಲ್ಲುತ್ತದೆಂದು ದಾರಿಹೋಕರಿಗೆ ಪಾಠ ಹೇಳುತ್ತಾರೆ, ತಾವೇ ಕಟ್ಟಿದವರ ಹಾಗೆ.

ನನ್ನ ತೊಂದರೆ ಬೇರೆ. ಮಗಳನ್ನು ಕೊಟ್ಟಿರುವುದು ಆಚೆ ದಡದ ಊರಿಗೆ. ದೋಣಿಯ ಕಾಲದಲ್ಲಿ ಬಂದಳೆಂದರೆ ನಾಲ್ಕು ದಿನ ಇದ್ದೇ ಹೋಗುತ್ತಿದ್ದಳು. ಮೊದಲ ದಿನ ಅತ್ತೆಮನೆಯನ್ನು ಹೊಗಳುವಳು. ಎರಡನೆಯ ದಿನ ಸುಮ್ಮನಿರುವಳು. ಮೂರನೆಯ ದಿನ, ನಾನು ಮುಂದಿನ ಕೋಣೆಯಲ್ಲಿ ಶಾಲೆಯ ಅಂಗಿಗಳಿಗೆ ಕಾಜಾ ಹೊಲಿಯುತ್ತಿರುವಾಗ, ಪಕ್ಕದಲ್ಲಿ ಕೂತು ಮನಸ್ಸು ಬಿಚ್ಚುವಳು. ನಾನು ತಲೆ ಎತ್ತದೆ ಕೇಳುತ್ತಿದ್ದೆ. ತಲೆ ಎತ್ತಿದರೆ ಅವಳ ಬಾಯಿ ಕಟ್ಟುತ್ತಿತ್ತು.

ಈಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತಾಳೆ, ಒಂದು ಲೋಟ ಚಹಾ ಕುಡಿದು ಹೊರಡುತ್ತಾಳೆ. ಮೊದಮೊದಲು ಹಾಸಿಗೆಯನ್ನು ಬಿಸಿಲಿಗೆ ಹಾಕಿಟ್ಟು, "ಇರೇ, ಇರೇ" ಎಂದು ಗೋಗರೆದೆ.

"ಹತ್ತಿರಾನೇ ಅಲ್ವೇನಮ್ಮ, ನಾಳೆ ಬಂದ್ರಾಯ್ತು" ಎಂದು ನಕ್ಕಳು.

"ಕಾಲ ಬದಲಾಗಿದೆ ಕಣೇ, ಸುಮ್ನೆ ಅವಳ ಪ್ರಾಣ ತಿನ್ಬೇಡ" ಎಂದರು ಯಜಮಾನರು. ಸರಿ, ಹಾಗೆ ಕೇಳುವುದನ್ನೇ ಬಿಟ್ಟೆ; ಬಸ್ಸಿನ ಹೊತ್ತನ್ನು ನಾನೇ ನೆನಪಿಸತೊಡಗಿದೆ.

ಈ ವಾರ ದಿನವೂ ಬಂದಳು. ದಿನವೂ ಮೊದಲ ದಿನದ ಮಾತೇ: ಅತ್ತೆ ಒಳ್ಳೆಯವರು, ಎಲ್ಲ ಚೆನ್ನಾಗಿದೆ. ಸುಖವಾಗಿರುವವಳು ದಿನಾ ಯಾಕೆ ಬರುತ್ತಾಳೆ? ಕಷ್ಟದಲ್ಲಿರುವವಳು ನಗುನಗುತ್ತಾ ಯಾಕೆ ವಾಪಸು ಹೋಗುತ್ತಾಳೆ? ಬಾಯಿಬಿಟ್ಟು ಕೇಳೋಣವೆಂದರೆ ಎಂದೂ ಹಾಗೆ ಕೇಳಿದ ಅಭ್ಯಾಸವಿಲ್ಲ. ಯೋಚಿಸಿ ಯೋಚಿಸಿ ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದೆ.

ನಿನ್ನೆ ಸಂಜೆ ಬಸ್ ನಿಲ್ದಾಣದವರೆಗೂ ಜೊತೆಗೆ ಹೋದೆ. ಬಸ್ಸು ಬಂತು.

"ಬೇಗ ಹತ್ತು, ಸೀಟು ಸಿಗಲ್ಲ" ಎಂದು ಬೆನ್ನು ತಟ್ಟಿದೆ.

ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತಳು.

"ಹತ್ತೋದಾದ್ರೆ ಹತ್ತಮ್ಮ, ಇಲ್ಲಾಂದ್ರೆ ಇಳಿ" ಎಂದು ಕಂಡಕ್ಟರ್ ರೇಗಿದ.

ಇಳಿದಳು. ಬಸ್ಸು ಸೇತುವೆಯ ಕಡೆ ತಿರುಗಿ ಹೋಯಿತು.

"ಏನಾಯ್ತೇ? ಏನಾದ್ರೂ ಮರೆತ್ಯಾ?"

ಅವಳು ನನ್ನ ಮುಖ ನೋಡಲಿಲ್ಲ.

"ನೀನು ಒಂದ್ಸಲ ಇರು ಅಂದ್ರೆ ಇದ್ದುಬಿಡೋಣ ಅಂತಾನೇ ದಿನಾ ಬರ್ತಿದ್ದೆ ಅಮ್ಮ" ಎಂದಳು. "ನೀನು ದಿನಾ ಬಸ್ಸಿನ ಹೊತ್ತಾಯ್ತು ಅಂತೀಯ."